ಜಗಳದ ಕಡತದಲ್ಲಿ ಉಳಿದ ಪೀಠ: ಕಾರ್ಥೇಜಿನ ಬಿಷಪ್ಪರು

ಕಾರ್ಥೇಜ್ ಅಂದ ಕೂಡಲೇ ನಿಮ್ಮಲ್ಲಿ ಹೆಚ್ಚಿನವರಿಗೆ ಹ್ಯಾನಿಬಲ್ ನೆನಪಾಗಬಹುದು. ಆನೆಗಳ ಜೊತೆ ಆಲ್ಪ್ಸ್ ದಾಟಿದವನು. ಶಾಲೆಯ ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಕ್ರಿ.ಪೂ. 146ರಲ್ಲಿ ರೋಮನ್ನರು ಊರನ್ನು ಸುಟ್ಟರು, ಕಥೆ ಮುಗಿಯಿತು ಅಂತ. ಆದರೆ ಅದೇ ರೋಮನ್ನರು ನೂರು ವರ್ಷದ ಮೇಲೆ ಅದೇ ಜಾಗದಲ್ಲಿ ಹೊಸ ಊರು ಕಟ್ಟಿದರು. ಇವತ್ತಿನ ಟ್ಯುನಿಸ್ ನಗರದ ಮಗ್ಗುಲಲ್ಲೇ, ಸಮುದ್ರದ ದಂಡೆಯಲ್ಲಿ. ಅದು ಎಷ್ಟು ಬೆಳೆಯಿತೆಂದರೆ ಸಾಮ್ರಾಜ್ಯದ ಪಶ್ಚಿಮ ಭಾಗದಲ್ಲಿ ರೋಮ್ ಬಿಟ್ಟರೆ ಅದೇ ದೊಡ್ಡ ಊರು. ರೋಮಿನ ಜನರ ಹೊಟ್ಟೆ ತುಂಬಿಸುವ ಗೋಧಿ ಇದೇ ಬಂದರಿನಿಂದ ಹಡಗು ಹತ್ತುತ್ತಿತ್ತು. ನಾನು ಮಾತಾಡಲು ಹೊರಟಿರುವುದು ಈ ಎರಡನೇ ಕಾರ್ಥೇಜಿನ ಬಗ್ಗೆ, ಅಲ್ಲಿ ಸುಮಾರು 900 ವರ್ಷ ನಡೆದ ಬಿಷಪ್ ಪೀಠದ ಬಗ್ಗೆ, ಅಂದರೆ ಊರಿನ ಕ್ರೈಸ್ತರ ಮುಖ್ಯ ಗುರುವಿನ ಗದ್ದುಗೆಯ ಬಗ್ಗೆ.

ನನ್ನ ವಾದ ಸರಳವಾಗಿದೆ. ಈ ಪೀಠದ ಬಗ್ಗೆ ನಮಗೆ ಇಷ್ಟೊಂದು ಗೊತ್ತಿರುವುದಕ್ಕೆ ಕಾರಣ ಅಲ್ಲಿಯವರ ಭಕ್ತಿಯಲ್ಲ, ಜಗಳ. ಭಕ್ತಿ ಎಲ್ಲ ಊರಲ್ಲೂ ಇತ್ತು. ಕಾರ್ಥೇಜಿನವರು ಜಗಳವಾಡುವಾಗ ಬರೆದಿಟ್ಟರು. ಪತ್ರ ಬರೆದರು, ಸಭೆ ಕರೆದರು, ಸಭೆಯಲ್ಲಿ ಆಡಿದ ಮಾತನ್ನು ಗುಮಾಸ್ತರಿಂದ ಬರೆಸಿದರು. ಜಗಳ ಇಲ್ಲದ ಕಾಲದಲ್ಲಿ ಬಿಷಪ್ ಯಾರಿದ್ದರು ಅಂತಲೂ ನಮಗೆ ತಿಳಿಯುವುದಿಲ್ಲ.

ಶುರುವೇ ಹಾಗಿದೆ ನೋಡಿ. ಕ್ರಿ.ಶ. 203ರಲ್ಲಿ ಕಾರ್ಥೇಜಿನ ಜೈಲಿನಲ್ಲಿ ಪರ್ಪೆಟುವಾ ಎಂಬ ಹೆಂಗಸು ಇದ್ದಳು. 22ರ ಆಸುಪಾಸಿನ ವಯಸ್ಸು, ಒಳ್ಳೆಯ ಮನೆತನ, ಕೈಯಲ್ಲಿ ಹಾಲು ಕುಡಿಯುವ ಮಗು. ಜೊತೆಗೆ ಫೆಲಿಸಿಟಿ ಅಂತ ಒಬ್ಬ ಗುಲಾಮ ಹುಡುಗಿ, ತುಂಬು ಬಸುರಿ, ಜೈಲಿನಲ್ಲೇ ಹೆತ್ತಳು. ಇನ್ನೂ ಕೆಲವರಿದ್ದರು. ಕ್ರೈಸ್ತರು ಅನ್ನುವುದೇ ಅವರ ಮೇಲಿನ ಆರೋಪ. ಮಾರ್ಚ್ 7ರಂದು ಅವರನ್ನು ಅಖಾಡದಲ್ಲಿ ಕಾಡುಪ್ರಾಣಿಗಳ ಮುಂದೆ ಬಿಟ್ಟು ಕೊಂದರು. ಪರ್ಪೆಟುವಾ ಜೈಲಿನಲ್ಲಿ ದಿನಚರಿ ಬರೆದಿದ್ದಳು, ಅದು ಉಳಿದಿದೆ. ಅದರ ಜೊತೆ ಅವಳ ಸಂಗಾತಿ ಸ್ಯಾಟುರಸ್ ಬರೆದ ಒಂದು ಕನಸೂ ಇದೆ.

ಕನಸಿನಲ್ಲಿ ಇವರೆಲ್ಲ ಸ್ವರ್ಗ ಸೇರಿದ್ದಾರೆ. ಬಾಗಿಲ ಹೊರಗೆ ಇಬ್ಬರು ಮುಖ ಸಪ್ಪಗೆ ಮಾಡಿಕೊಂಡು ದೂರ ದೂರ ನಿಂತಿದ್ದಾರೆ. ಒಬ್ಬ ಬಿಷಪ್ ಒಪ್ಟಾಟಸ್, ಇನ್ನೊಬ್ಬ ಪಾದ್ರಿ ಆಸ್ಪಾಸಿಯಸ್. ಇಬ್ಬರೂ ಬಂದು ಈ ಹುತಾತ್ಮರ ಕಾಲಿಗೆ ಬೀಳುತ್ತಾರೆ. "ನೀವು ನಮ್ಮನ್ನು ಹೀಗೆ ಬಿಟ್ಟು ಹೋದಿರಿ, ನಮ್ಮಿಬ್ಬರ ನಡುವೆ ರಾಜಿ ಮಾಡಿಸಿ" ಅನ್ನುತ್ತಾರೆ. ಆಗ ದೇವದೂತರು ಸಿಟ್ಟಾಗುತ್ತಾರೆ. ಇವರನ್ನು ಸುಮ್ಮನೆ ಬಿಡಿ, ನಿಮ್ಮ ಜಗಳ ನೀವೇ ತೀರಿಸಿಕೊಳ್ಳಿ ಅಂತ. ಬಿಷಪ್ಪನಿಗಂತೂ ಪ್ರತ್ಯೇಕ ಬೈಗುಳ: "ನಿನ್ನ ಜನರನ್ನು ತಿದ್ದು. ರಥದ ಓಟ ನೋಡಿ ಪಕ್ಷ ಕಟ್ಟಿಕೊಂಡು ಕಿತ್ತಾಡುತ್ತ ಬರುವವರ ಹಾಗೆ ನಿನ್ನ ಹತ್ತಿರ ಬರುತ್ತಾರೆ." ಈ ಒಪ್ಟಾಟಸ್ ಕಾರ್ಥೇಜಿನ ಬಿಷಪ್ ಅಂತಲೇ ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಅಂದರೆ ಈ ಪೀಠದಲ್ಲಿ ಕೂತವನು ನಮ್ಮ ಕಣ್ಣಿಗೆ ಮೊದಲು ಬೀಳುವುದು ಸ್ವರ್ಗದ ಬಾಗಿಲಲ್ಲಿ ಬೈಸಿಕೊಳ್ಳುತ್ತ! ಸಾಯುವ ಹೊತ್ತಿನಲ್ಲೂ ಸ್ಯಾಟುರಸ್‌ಗೆ ಊರಿನ ಈ ಜಗಳವೇ ತಲೆಯಲ್ಲಿ ಕೊರೆಯುತ್ತಿತ್ತು ಅಲ್ವಾ.

ಈಗ ಸಿಪ್ರಿಯನ್ ಹತ್ತಿರ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಸಿಪ್ರಿಯನ್ ಭಾಷಣಕಲೆಯ ಮೇಷ್ಟ್ರು. ದುಡ್ಡಿದ್ದವನು, ತೋಟ ಇದ್ದವನು. ನಡುವಯಸ್ಸಿನಲ್ಲಿ, 246ರ ಹೊತ್ತಿಗೆ, ಕ್ರೈಸ್ತನಾದ. ಎರಡು ಮೂರು ವರ್ಷದೊಳಗೆ ಬಿಷಪ್ಪನೂ ಆದ. ಜನ ಅವನೇ ಬೇಕು ಅಂತ ಹಟ ಹಿಡಿದರು. ವರ್ಷಾನುಗಟ್ಟಲೆ ಸೇವೆ ಮಾಡಿದ ಐದು ಜನ ಪಾದ್ರಿಗಳಿಗೆ ಇದು ಹಿಡಿಸಲಿಲ್ಲ. ನಿನ್ನೆ ಮೊನ್ನೆ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದವನು ನಮ್ಮ ತಲೆಯ ಮೇಲೆ ಕೂರುವುದೇ ಅಂತ ಅನ್ನಿಸಿರಬೇಕು. ಅವರ ವಿರೋಧ ಕೊನೆಯವರೆಗೂ ಹೋಗಲಿಲ್ಲ.

ಅಷ್ಟರಲ್ಲಿ ಚಕ್ರವರ್ತಿ ಡೇಸಿಯಸ್‌ನ ಆಜ್ಞೆ ಬಂತು. 249ರ ಕೊನೆಯಿಂದ 250ರ ಕಾಲ. ಸಾಮ್ರಾಜ್ಯದ ಪ್ರತಿಯೊಬ್ಬನೂ ದೇವತೆಗಳಿಗೆ ಬಲಿ ಕೊಡಬೇಕು, ಅಧಿಕಾರಿಗಳ ಮುಂದೆ ಕೊಡಬೇಕು, ಕೊಟ್ಟಿದ್ದಕ್ಕೆ ಚೀಟಿ ಪಡೆಯಬೇಕು. ತಾಲೂಕು ಕಚೇರಿಯಲ್ಲಿ ಪ್ರಮಾಣಪತ್ರಕ್ಕೆ ಸಾಲು ನಿಲ್ಲುತ್ತೀವಲ್ಲ, ಹಾಗೆ. ಈಜಿಪ್ಟಿನ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಚೀಟಿಗಳು ಸಿಕ್ಕಿವೆ. "ನಾನು ಯಾವಾಗಲೂ ಬಲಿ ಕೊಡುತ್ತ ಬಂದವನು, ಈಗಲೂ ನಿಮ್ಮ ಎದುರು ಕೊಟ್ಟೆ, ನೈವೇದ್ಯ ತಿಂದೆ" ಅನ್ನುವ ಒಕ್ಕಣೆ, ಕೆಳಗೆ ಅಧಿಕಾರಿಯ ಸಹಿ.

ಕಾರ್ಥೇಜಿನಲ್ಲಿ ಏನಾಯಿತು? ಹುತಾತ್ಮರಾಗಲು ಜನ ಮುಗಿಬಿದ್ದರು ಅಂತ ನಾನು ಹೇಳಿದರೆ ಅದು ಸುಳ್ಳು. ಬಲಿ ಕೊಡಲು ಮುಗಿಬಿದ್ದರು. ಸಿಪ್ರಿಯನ್ನೇ ಬರೆದಿದ್ದಾನೆ: ಸಂಜೆಯಾಯಿತು, ನಾಳೆ ಬನ್ನಿ ಅಂತ ಅಧಿಕಾರಿಗಳು ಹೇಳಿದರೂ ಕೇಳದೆ, ಇವತ್ತೇ ಮುಗಿಸಿಬಿಡಿ ಅಂತ ಬೇಡಿಕೊಂಡವರಿದ್ದರು. ಕೆಲವರು ಬಲಿ ಕೊಟ್ಟರು. ಕೆಲವರು ಬರೀ ಒಂದು ಚಿಟಿಕೆ ಧೂಪ ಹಾಕಿದರು. ಇನ್ನು ಕೆಲವು ಜಾಣರು ಎರಡೂ ಮಾಡದೆ ಲಂಚ ಕೊಟ್ಟು ಚೀಟಿ ಮಾತ್ರ ಬರೆಸಿಕೊಂಡರು. ಈ ಮೂರು ಬಗೆಯವರಿಗೂ ಆಮೇಲೆ ಬೇರೆ ಬೇರೆ ಹೆಸರು, ಬೇರೆ ಬೇರೆ ಪ್ರಾಯಶ್ಚಿತ್ತ.

ಮತ್ತೆ ಬಿಷಪ್? ಅವನು ತಲೆಮರೆಸಿಕೊಂಡ. ಅಡಗಿ ಕೂತ ಜಾಗದಿಂದಲೇ ಪತ್ರ ಬರೆದು ಧರ್ಮಸಭೆಯನ್ನು ನಡೆಸಿದ. ಬಿಷಪ್ ಸತ್ತರೆ ಮಂದೆ ಚದುರುತ್ತದೆ ಅನ್ನುವುದು ಅವನ ಸಮರ್ಥನೆ. ರೋಮಿನಲ್ಲಿ ಆ ಹೊತ್ತಿಗೆ ಬಿಷಪ್ ಫೇಬಿಯನ್ ಪ್ರಾಣ ಕೊಟ್ಟಾಗಿತ್ತು. ಅಲ್ಲಿಯ ಪಾದ್ರಿಗಳು ಕಾರ್ಥೇಜಿಗೆ ಒಂದು ಪತ್ರ ಬರೆದರು. ಸಹಿ ಇಲ್ಲ, ಸಿಪ್ರಿಯನ್ ಹೆಸರೆತ್ತಿ ಬೈದಿಲ್ಲ. ಆದರೆ ತೋಳ ಬಂದಾಗ ಓಡಿಹೋಗುವ ಕೂಲಿ ಕುರುಬನ ಮಾತು ಅದರಲ್ಲಿತ್ತು. ಸಿಪ್ರಿಯನ್‌ನ ಉತ್ತರ ನೋಡಿ. ಅವನು ಆ ಪತ್ರವನ್ನೇ ವಾಪಸ್ ಕಳಿಸಿದ. ಇದರ ಬರವಣಿಗೆ, ಇದರ ಅರ್ಥ, ಕೊನೆಗೆ ಈ ಕಾಗದ ಕೂಡ ನನಗೆ ಅನುಮಾನ ಹುಟ್ಟಿಸುತ್ತಿದೆ, ಇದು ನಿಮ್ಮದೇ ಹೌದಾ, ದಯವಿಟ್ಟು ನೋಡಿ ಹೇಳಿ ಅಂತ. ಇಷ್ಟು ವಿನಯವಾಗಿ ಇಷ್ಟು ಜೋರಾಗಿ ಕಪಾಳಕ್ಕೆ ಹೊಡೆಯುವುದು ಭಾಷಣಕಲೆಯ ಮೇಷ್ಟ್ರಿಗೇ ಸಾಧ್ಯ.

ಹಿಂಸೆ ತಣ್ಣಗಾಯಿತು. ಬಾಗಿದವರೆಲ್ಲ ವಾಪಸ್ ಬರಬೇಕೆಂದರು. ಇಲ್ಲಿ ನಿಜವಾದ ಸಮಸ್ಯೆ ಶುರುವಾಯಿತು. ಜೈಲಿಗೆ ಹೋಗಿ ಏಟು ತಿಂದೂ ನಂಬಿಕೆ ಬಿಡದೆ ಬದುಕಿ ಬಂದವರು ಕೆಲವರಿದ್ದರು. ಜನರ ಕಣ್ಣಿನಲ್ಲಿ ಅವರು ವೀರರು. ಅವರು ಕ್ಷಮೆಯ ಚೀಟಿ ಬರೆದು ಹಂಚತೊಡಗಿದರು. "ಇವನನ್ನು ಮತ್ತು ಇವನ ಕಡೆಯವರನ್ನು ಸೇರಿಸಿಕೊಳ್ಳಿ" ಅಂತ ಒಂದು ಚೀಟಿ. ಕಡೆಯವರು ಅಂದರೆ ಎಷ್ಟು ಜನ? ಹತ್ತೋ, ಮೂವತ್ತೋ? ಲೂಸಿಯನ್ ಎಂಬ ಒಬ್ಬನಂತೂ ಎಲ್ಲ ವೀರರ ಹೆಸರಿನಲ್ಲಿ ಎಲ್ಲರಿಗೂ ಕ್ಷಮೆ ಅಂತ ಒಂದೇ ಪತ್ರ ಬರೆದುಬಿಟ್ಟ. ಓಡಿಹೋದ ಬಿಷಪ್ ಈಗ ಬಾಯಿ ತೆರೆಯುವುದು ಹೇಗೆ? ಏಟು ತಿಂದವರ ಮುಂದೆ ಅವನ ಮಾತು ನಡೆಯುತ್ತದೆಯೇ?

ಇದೇ ಈ ಪೀಠದ ಬೇರು ಪ್ರಶ್ನೆ. ಕಷ್ಟದಲ್ಲಿ ಬಗ್ಗಿದವರನ್ನು ಮತ್ತೆ ಒಳಗೆ ಕರೆಯುವ ಹಕ್ಕು ಯಾರದು? ಕಷ್ಟ ಪಟ್ಟವನದೋ, ಪೀಠದಲ್ಲಿ ಕೂತವನದೋ? 251ರಲ್ಲಿ ಸಿಪ್ರಿಯನ್ ಆಫ್ರಿಕಾದ ಬಿಷಪ್ಪರ ಸಭೆ ಕರೆದ. ಪೀಠದ್ದೇ ಹಕ್ಕು, ಆದರೆ ಕ್ಷಮೆ ಉಂಟು ಅಂತ ತೀರ್ಮಾನವಾಯಿತು. ಚೀಟಿ ಮಾತ್ರ ಕೊಂಡವರಿಗೆ ಬೇಗ, ಬಲಿ ಕೊಟ್ಟವರಿಗೆ ಸಾಯುವ ಹೊತ್ತಿಗೆ. ಆಮೇಲೆ ಮತ್ತೊಂದು ಹಿಂಸೆಯ ಸುದ್ದಿ ಬಂದಾಗ ಇನ್ನಷ್ಟು ಸಡಿಲ ಮಾಡಿದರು. ಇದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಸಡಿಲವಾಯಿತು ಅಂದವರು ಮ್ಯಾಕ್ಸಿಮಸ್ ಎಂಬ ಬಿಷಪ್ಪನನ್ನು ಎದುರು ನಿಲ್ಲಿಸಿದರು. ಬಿಗಿಯಾಯಿತು ಅಂದವರು ಫಾರ್ಚುನೇಟಸ್ ಎಂಬುವನನ್ನು. ಒಂದೇ ಊರಲ್ಲಿ ಮೂರು ಬಿಷಪ್ಪರು!

ಇದರ ನಡುವೆ ಊರಿಗೆ ದೊಡ್ಡ ಪಿಡುಗು ಬಂತು. ಜನ ಹೆಣಗಳನ್ನು ಬೀದಿಗೆ ಹಾಕುತ್ತಿದ್ದರು. ನಮ್ಮವರನ್ನಷ್ಟೇ ನೋಡಿಕೊಂಡರೆ ಅದೇನು ದೊಡ್ಡದು, ಹಿಂಸೆ ಕೊಟ್ಟವರನ್ನೂ ನೋಡಿಕೊಳ್ಳಿ ಅಂತ ಸಿಪ್ರಿಯನ್ ಜನರನ್ನು ಕೆಲಸಕ್ಕೆ ಹಚ್ಚಿದ. ಕಾರ್ಥೇಜಿನ ಪಶ್ಚಿಮಕ್ಕಿದ್ದ ನುಮಿಡಿಯಾ ಪ್ರಾಂತದ ಕಡೆ ಲೂಟಿಕೋರರು ಕ್ರೈಸ್ತರನ್ನು ಹಿಡಿದುಕೊಂಡು ಹೋದಾಗ ಬಿಡಿಸಲು 1,00,000 ಸೆಸ್ಟರ್ಸ್ (ರೋಮನ್ ನಾಣ್ಯ) ಚಂದಾ ಎತ್ತಿ ಕಳಿಸಿದ. ಹಣದ ಜೊತೆ ಚಂದಾ ಕೊಟ್ಟವರ ಹೆಸರಿನ ಪಟ್ಟಿಯೂ ಹೋಯಿತು, ಅವರಿಗಾಗಿ ಪ್ರಾರ್ಥಿಸಿ ಅಂತ.

ಇನ್ನೊಂದು ಜಗಳ ರೋಮಿನ ಜೊತೆ. ಒಡೆದು ಹೋದ ಪಂಗಡದಲ್ಲಿ ದೀಕ್ಷಾಸ್ನಾನ ಪಡೆದವನು ನಮ್ಮಲ್ಲಿಗೆ ಬಂದರೆ ಮತ್ತೆ ಸ್ನಾನ ಮಾಡಿಸಬೇಕೇ? ಬೇಡ, ಕೈಯಿಟ್ಟು ಆಶೀರ್ವದಿಸಿದರೆ ಸಾಕು ಅಂದ ರೋಮಿನ ಬಿಷಪ್ ಸ್ಟೀಫನ್. ಮಾಡಿಸಲೇಬೇಕು, ಅದು ಸ್ನಾನವೇ ಅಲ್ಲ ಅಂದ ಸಿಪ್ರಿಯನ್. 256ರ ಸೆಪ್ಟೆಂಬರ್ 1ರಂದು 87 ಬಿಷಪ್ಪರು ಕಾರ್ಥೇಜಿನಲ್ಲಿ ಸೇರಿದರು. ಒಬ್ಬೊಬ್ಬನೂ ಎದ್ದು ತನ್ನ ಅಭಿಪ್ರಾಯ ಹೇಳಿದ, ಅದೆಲ್ಲ ಇವತ್ತಿಗೂ ಓದಲು ಸಿಗುತ್ತದೆ. ನಮ್ಮಲ್ಲಿ ಯಾರೂ ತನ್ನನ್ನು ಬಿಷಪ್ಪರ ಬಿಷಪ್ ಅಂತ ಕರೆದುಕೊಳ್ಳುವುದಿಲ್ಲ ಅಂತ ಸಿಪ್ರಿಯನ್ ಶುರುವಿನಲ್ಲೇ ಹೇಳಿದ. ಆ ಬಾಣ ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ಈ ವ್ಯಾಜ್ಯ ತೀರುವ ಮೊದಲೇ ಇಬ್ಬರೂ ತೀರಿಕೊಂಡರು. ಆದರೆ ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

257ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದ ಹಿಂಸೆ. ಈ ಸಲ ಸಿಪ್ರಿಯನ್ ಓಡಲಿಲ್ಲ. ಅಧಿಕಾರಿ ಕೇಳಿದ, ನಿನ್ನ ಪಾದ್ರಿಗಳು ಯಾರು ಯಾರು, ಹೆಸರು ಹೇಳು. ಚಾಡಿ ಹೇಳುವುದನ್ನು ನಿಮ್ಮ ಕಾನೂನೇ ನಿಷೇಧಿಸಿದೆಯಲ್ಲ, ನಾನು ಹೇಗೆ ಹೇಳಲಿ ಅಂತ ಉತ್ತರ. ಅವನನ್ನು ಕುರುಬಿಸ್ ಎಂಬ ಕರಾವಳಿ ಊರಿಗೆ ಗಡೀಪಾರು ಮಾಡಿದರು. ಮರುವರ್ಷ ವಾಪಸ್ ಕರೆಸಿದರು. ಉಟಿಕಾ ಎಂಬ ಊರಿಗೆ ಕರೆದೊಯ್ಯಲು ಸೈನಿಕರು ಬಂದಾಗ ಮಾತ್ರ ತಪ್ಪಿಸಿಕೊಂಡ. ಕಾರಣ ಬರೆದಿದ್ದಾನೆ: ಬಿಷಪ್ ಸಾಯುವುದಾದರೆ ತನ್ನ ಊರಲ್ಲಿ, ತನ್ನ ಜನರ ಎದುರು ಸಾಯಬೇಕು. ಪ್ರಾಂತಾಧಿಕಾರಿ ಕಾರ್ಥೇಜಿಗೆ ಬಂದ ಮೇಲೆ ಸಿಕ್ಕಿಕೊಂಡ. 258ರ ಸೆಪ್ಟೆಂಬರ್ 14ರಂದು ವಿಚಾರಣೆ, ಕೆಲವೇ ಮಾತು. ಬಲಿ ಕೊಡುತ್ತೀಯಾ? ಇಲ್ಲ. ಯೋಚನೆ ಮಾಡು. ಇಷ್ಟು ಸ್ಪಷ್ಟವಾದ ವಿಷಯದಲ್ಲಿ ಯೋಚಿಸಲು ಏನಿದೆ? ಶಿರಚ್ಛೇದದ ತೀರ್ಪು ಓದಿದಾಗ, ದೇವರಿಗೆ ವಂದನೆ ಅಂದ. ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿ ಅಂತ ತನ್ನವರಿಗೆ ಹೇಳಿದ. ಜನ ಅವನ ಮುಂದೆ ಬಟ್ಟೆ ಹಾಸಿದರು. ರಾತ್ರಿ ಪಂಜು ಹಿಡಿದು ಮೆರವಣಿಗೆಯಲ್ಲಿ ಹೂಳಿದರು. ಎಂಟು ವರ್ಷದ ಹಿಂದೆ ಓಡಿಹೋದವನು ಅಂತ ಇನ್ನು ಯಾರೂ ಅನ್ನುವ ಹಾಗಿರಲಿಲ್ಲ.

ಇಲ್ಲೊಂದು ಚೂರು ದಾರಿ ತಪ್ಪುತ್ತೇನೆ. ಮಂಗಳೂರು ಕಡೆಯ ಕಥೋಲಿಕರಲ್ಲಿ ಸಿಪ್ರಿಯನ್ ಅನ್ನುವ ಹೆಸರು ನೀವು ಕೇಳಿರುತ್ತೀರಿ. ಆ ಹೆಸರಿನ ಮೂಲ ಈ ಮನುಷ್ಯನೇ. ಪೂಜೆಯಲ್ಲಿ ಹಳೆಯ ರೋಮನ್ ಪ್ರಾರ್ಥನೆಯನ್ನು ಬಳಸಿದ ದಿನ ಸಂತರ ಪಟ್ಟಿಯಲ್ಲಿ ಸಿಪ್ರಿಯನ್, ಫೆಲಿಸಿಟಿ, ಪರ್ಪೆಟುವಾ ಮೂವರ ಹೆಸರೂ ಬರುತ್ತದೆ. ಈಗ ಸಿಪ್ರಿಯನ್ ಹಬ್ಬ ಸೆಪ್ಟೆಂಬರ್ 16ಕ್ಕೆ, ರೋಮಿನ ಬಿಷಪ್ ಕೊರ್ನೇಲಿಯಸ್ ಜೊತೆ ಜಂಟಿಯಾಗಿ. ಸ್ಟೀಫನ್ ಜೊತೆ ಇಟ್ಟಿದ್ದರೆ ಇಬ್ಬರೂ ಒಪ್ಪುತ್ತಿರಲಿಲ್ಲ ಅನ್ನಿ.

ಮುಂದಿನ ದೊಡ್ಡ ಹಿಂಸೆ 303ರಲ್ಲಿ, ಡಯೊಕ್ಲೀಶಿಯನ್ ಕಾಲದ್ದು. ಈ ಸಲ ಸರ್ಕಾರ ಕೇಳಿದ್ದು ಪುಸ್ತಕ. ಪವಿತ್ರ ಗ್ರಂಥಗಳನ್ನು ತಂದು ಒಪ್ಪಿಸಿ, ಸುಡುತ್ತೇವೆ. ಕಾರ್ಥೇಜಿನ ಬಿಷಪ್ ಮೆನ್ಸೂರಿಯಸ್ ಪಾಷಂಡಿಗಳ, ಅಂದರೆ ತಪ್ಪು ಮತದವರೆಂದು ಧರ್ಮಸಭೆ ತಳ್ಳಿದವರ, ಕೆಲವು ಪುಸ್ತಕಗಳನ್ನು ಚರ್ಚಿನಲ್ಲಿ ಬಿಟ್ಟು, ಅಸಲಿ ಗ್ರಂಥಗಳನ್ನು ಬಚ್ಚಿಟ್ಟ. ಅಧಿಕಾರಿಗಳು ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ನನಗಂತೂ ಇದು ಜಾಣತನ ಅನ್ನಿಸುತ್ತದೆ. ಆಗಿನ ಬಿಗಿ ಜನಕ್ಕೆ ಹಾಗೆ ಅನ್ನಿಸಲಿಲ್ಲ. ಒಪ್ಪಿಸಿದ ಹಾಗೆ ನಟಿಸಿದ್ದೂ ಒಪ್ಪಿಸಿದ ಹಾಗೆಯೇ ಅಂದರು.

ಮೆನ್ಸೂರಿಯಸ್‌ನನ್ನು ಯಾವುದೋ ವಿಚಾರಣೆಗೆ ರೋಮಿಗೆ ಕರೆಸಿದರು. ಹೋಗುವ ಮುಂಚೆ ಚರ್ಚಿನ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಊರಿನ ಹಿರಿಯರ ಕೈಗೆ ಕೊಟ್ಟ. ಕೊಟ್ಟ ಸಾಮಾನಿನ ಪಟ್ಟಿಯನ್ನು ಮಾತ್ರ ಗುಟ್ಟಾಗಿ ಒಬ್ಬ ಮುದುಕಿಯ ಹತ್ತಿರ ಇಟ್ಟ. ನಾನು ಬರದಿದ್ದರೆ ಮುಂದಿನ ಬಿಷಪ್ಪನಿಗೆ ಕೊಡು ಅಂತ. ವಾಪಸ್ ಬರುವ ದಾರಿಯಲ್ಲಿ ಸತ್ತ. ಜನ ಸೆಸಿಲಿಯನ್ ಎಂಬುವನನ್ನು ಆರಿಸಿದರು. ಮುದುಕಿ ಪಟ್ಟಿ ತಂದು ಕೊಟ್ಟಳು. ಪಾತ್ರೆಗಳನ್ನು ನುಂಗಿ ಕೂತಿದ್ದ ಹಿರಿಯರು ಕಕ್ಕಾಬಿಕ್ಕಿಯಾದರು, ವಿರೋಧಿ ಬಣ ಸೇರಿದರು. ಜೊತೆಗೆ ಲೂಸಿಲ್ಲಾ ಎಂಬ ಶ್ರೀಮಂತ ಹೆಂಗಸು. ಅವಳು ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವ ಮುಂಚೆ ಯಾವನೋ ಹುತಾತ್ಮನದೆಂಬ ಮೂಳೆಗೆ ಮುತ್ತು ಕೊಡುತ್ತಿದ್ದಳು. ಸೆಸಿಲಿಯನ್ ಡೀಕನ್ (ಬಿಷಪ್ಪನ ಸಹಾಯಕ) ಆಗಿದ್ದಾಗ ಅದಕ್ಕೆ ಗದರಿದ್ದ. ಅವಳು ಮರೆತಿರಲಿಲ್ಲ. ಈ ಕಥೆಯನ್ನು ನಮಗೆ ಹೇಳುವವನು ಮಿಲೆವಿಸ್ ಊರಿನ ಬಿಷಪ್, ಅವನ ಹೆಸರೂ ಒಪ್ಟಾಟಸ್. ಅವನು ಸೆಸಿಲಿಯನ್ ಪಕ್ಷದವನು, ಆದ್ದರಿಂದ ಎದುರು ಪಕ್ಷದವರೆಲ್ಲ ಕಳ್ಳರ ಹಾಗೆ, ಹಟಮಾರಿಗಳ ಹಾಗೆ ಕಾಣುತ್ತಾರೆ. ಒಂದು ಚಿಟಿಕೆ ಉಪ್ಪು ಕಡಿಮೆ ಮಾಡಿಕೊಂಡೇ ಕೇಳಿ.

ಎದುರು ಪಕ್ಷದ ಆರೋಪ ಹೀಗಿತ್ತು. ಸೆಸಿಲಿಯನ್‌ಗೆ ಬಿಷಪ್ ದೀಕ್ಷೆ ಕೊಟ್ಟವರಲ್ಲಿ ಒಬ್ಬ ಅಪ್ತುಂಗಿಯ ಫೆಲಿಕ್ಸ್. ಅವನು 303ರಲ್ಲಿ ಗ್ರಂಥ ಒಪ್ಪಿಸಿದ ದ್ರೋಹಿ. ದ್ರೋಹಿಯ ಕೈಯಿಂದ ಆದ ದೀಕ್ಷೆ ದೀಕ್ಷೆಯೇ ಅಲ್ಲ. ನುಮಿಡಿಯಾದ 70 ಬಿಷಪ್ಪರು ಬಂದು ಸಭೆ ಸೇರಿ ಬೇರೊಬ್ಬನನ್ನು ಬಿಷಪ್ ಮಾಡಿದರು. ಅವನು ಬೇಗ ಸತ್ತ. ಅವನ ಜಾಗಕ್ಕೆ ಬಂದವನೇ ಡೊನಾಟಸ್. ಸುಮಾರು 40 ವರ್ಷ ಆ ಪಕ್ಷವನ್ನು ಆಳಿದ, ಪಕ್ಷಕ್ಕೆ ಅವನ ಹೆಸರೇ ಉಳಿಯಿತು.

ಅಷ್ಟು ಹೊತ್ತಿಗೆ ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪರ ನಿಂತಿದ್ದ. ಎರಡೂ ಕಡೆಯವರು ಅವನ ಹತ್ತಿರ ಹೋದರು. 313ರಲ್ಲಿ ರೋಮಿನಲ್ಲಿ ಸಭೆ, 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್ಸ್‌ನಲ್ಲಿ ಸಭೆ. ಎರಡರಲ್ಲೂ ಸೆಸಿಲಿಯನ್ ಗೆದ್ದ. ಫೆಲಿಕ್ಸ್ ಮೇಲಿನ ಆರೋಪದ ತನಿಖೆಯಂತೂ ಪೊಲೀಸ್ ಕೇಸಿನ ಕಡತ ಓದಿದ ಹಾಗಿದೆ. 303ರಲ್ಲಿ ಆ ಊರಿನ ಅಧಿಕಾರಿಯಾಗಿದ್ದವನನ್ನೇ ಸಾಕ್ಷಿಗೆ ಕರೆದರು. ಅವನು ಕ್ರೈಸ್ತನಲ್ಲ. ಅವನು ಬರೆದದ್ದು ಅನ್ನುವ ಪತ್ರವೊಂದರಲ್ಲಿ ಫೆಲಿಕ್ಸ್ ತಪ್ಪಿತಸ್ಥ ಅಂತ ಕಾಣುತ್ತಿತ್ತು. ಇಲ್ಲಿಯವರೆಗೆ ನನ್ನ ಮಾತು, ಇಲ್ಲಿಂದ ಕೆಳಗೆ ನನ್ನದಲ್ಲ ಅಂದ ಅವನು. ಕೊನೆಯ ಸಾಲುಗಳನ್ನು ಸೇರಿಸಿದ್ದು ನಾನೇ ಅಂತ ಇಂಗೆಂಟಿಯಸ್ ಎಂಬುವನು ಒಪ್ಪಿಕೊಂಡ. 315ರಲ್ಲಿ ಫೆಲಿಕ್ಸ್ ನಿರ್ದೋಷಿಯಾದ. ಜಗಳ ನಿಂತಿತೇ? ಇಲ್ಲ. ಅದು ಇನ್ನೂ 100 ವರ್ಷ ನಡೆಯಿತು.

ಈಗ ಸಿಪ್ರಿಯನ್ ವ್ಯಾಜ್ಯ ನೆನಪಿಗೆ ತಂದುಕೊಳ್ಳಿ. ಹೊರಗಿನವರ ದೀಕ್ಷಾಸ್ನಾನ ನಡೆಯುವುದಿಲ್ಲ ಅಂತ ಅವನು ಹೇಳಿದ್ದ. ಆರ್ಲ್ಸ್ ಸಭೆಯಲ್ಲಿ ಸೆಸಿಲಿಯನ್ ಪಕ್ಷ ರೋಮಿನ ಪದ್ಧತಿಗೆ ಬಂತು. ಡೊನಾಟಸ್ ಪಕ್ಷ ಸಿಪ್ರಿಯನ್ ಪದ್ಧತಿಯಲ್ಲೇ ಉಳಿಯಿತು. ಹಾಗಾಗಿ ಅವರು ಎದೆತಟ್ಟಿ ಹೇಳುತ್ತಿದ್ದರು, ಸಿಪ್ರಿಯನ್‌ನ ನಿಜವಾದ ಮಕ್ಕಳು ನಾವು. ಸೆಸಿಲಿಯನ್ ಪಕ್ಷದವರು ಹೇಳುತ್ತಿದ್ದರು, ಸಿಪ್ರಿಯನ್ ಎಷ್ಟೇ ಭಿನ್ನಾಭಿಪ್ರಾಯ ಇದ್ದರೂ ಧರ್ಮಸಭೆಯನ್ನು ಒಡೆಯಲಿಲ್ಲ, ಆದ್ದರಿಂದ ಅವನು ನಮ್ಮವನು. ನನ್ನನ್ನು ಕೇಳಿದರೆ ಇಬ್ಬರ ಮಾತಲ್ಲೂ ಸತ್ಯ ಇದೆ. ದೊಡ್ಡವರು ಸತ್ತ ಮೇಲೆ ಅರ್ಧರ್ಧ ಹಂಚಿಹೋಗುತ್ತಾರೆ. 347ರಲ್ಲಿ ಚಕ್ರವರ್ತಿಯ ಕಡೆಯವರು ಸಮಾಧಾನ ಮಾಡಲು ದುಡ್ಡು ಹಿಡಿದುಕೊಂಡು ಬಂದಾಗ ಡೊನಾಟಸ್ ಒಂದು ಮಾತು ಕೇಳಿದ: "ಚಕ್ರವರ್ತಿಗೂ ಧರ್ಮಸಭೆಗೂ ಏನು ಸಂಬಂಧ?" ಮೊದಲು ಚಕ್ರವರ್ತಿಯ ಬಾಗಿಲು ತಟ್ಟಿದ್ದು ಇವನ ಪಕ್ಷವೇ ಅನ್ನುವುದು ಬೇರೆ ಮಾತು. ಅವನನ್ನು ಗಡೀಪಾರು ಮಾಡಿದರು, ಅಲ್ಲೇ ಸತ್ತ.

ಆಫ್ರಿಕಾದ ಊರೂರಲ್ಲೂ ಎರಡು ಚರ್ಚು, ಎರಡು ಬಿಷಪ್ಪರು ಆದರು. ಇಲ್ಲೊಂದು ವಿಷಯ ತಿಳಿದಿರಬೇಕು. ಅಲ್ಲಿ ಹಳ್ಳಿಗಿಂತ ಸ್ವಲ್ಪ ದೊಡ್ಡದಾದ ಊರಿಗೆಲ್ಲ ಒಬ್ಬ ಬಿಷಪ್ ಇರುತ್ತಿದ್ದ. ಆದ್ದರಿಂದ ಸಂಖ್ಯೆ ನೂರಾರು. ಆಫ್ರಿಕಾದ ಬೇರೆ ಪ್ರಾಂತಗಳಲ್ಲಿ ದೀಕ್ಷೆಯಲ್ಲಿ ಹಿರಿಯನಾದ ಬಿಷಪ್ಪನೇ ಮುಖ್ಯಸ್ಥ, ಅವನ ಊರು ಯಾವುದೇ ಇರಲಿ. ಕಾರ್ಥೇಜಿಗೆ ಮಾತ್ರ ಕಾಯಂ ಹಿರಿತನ.

391ರ ಹೊತ್ತಿಗೆ ಸೆಸಿಲಿಯನ್ ಪಕ್ಷದ ಔರೇಲಿಯಸ್ ಕಾರ್ಥೇಜಿನ ಬಿಷಪ್ ಆದ. ಅಗಸ್ಟೀನನ ಗೆಳೆಯ. ಸಂತ ಅಗಸ್ಟೀನ್ ಕಾರ್ಥೇಜಿನ ಬಿಷಪ್ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ, ಅವನು ಹಿಪ್ಪೋ ಎಂಬ ಬಂದರಿನ ಬಿಷಪ್. ಕಾರ್ಥೇಜಿನಲ್ಲಿ ಅವನು ಓದಿದ, ಪಾಠ ಹೇಳಿದ. 383ರಲ್ಲಿ ರೋಮಿಗೆ ಹಡಗು ಹತ್ತುವ ರಾತ್ರಿ ಅಮ್ಮನಿಗೆ ಸುಳ್ಳು ಹೇಳಿ, ಬಂದರಿನ ಹತ್ತಿರದ ಸಿಪ್ರಿಯನ್ ಗುಡಿಯಲ್ಲಿ ಅವಳನ್ನು ಬಿಟ್ಟು ಹೋದ. ಅಮ್ಮ ಮೋನಿಕಾ ರಾತ್ರಿಯೆಲ್ಲ ಅಲ್ಲಿ ಅಳುತ್ತ ಪ್ರಾರ್ಥಿಸಿದಳು ಅಂತ ಅವನೇ ಬರೆದುಕೊಂಡಿದ್ದಾನೆ.

411ರ ಜೂನ್‌ನಲ್ಲಿ ಎರಡೂ ಪಕ್ಷಗಳನ್ನು ಎದುರುಬದುರು ಕೂರಿಸಲು ಚಕ್ರವರ್ತಿಯ ಪ್ರತಿನಿಧಿ ಮಾರ್ಸೆಲಿನಸ್ ಬಂದ. ಜಾಗ ಕಾರ್ಥೇಜಿನ ಒಂದು ಸಾರ್ವಜನಿಕ ಸ್ನಾನಗೃಹದ ದೊಡ್ಡ ಹಜಾರ. ಒಂದೊಂದು ಪಕ್ಷದಿಂದ 280ರ ಆಸುಪಾಸು ಬಿಷಪ್ಪರು. ಕೂರಿಸಲು ಅಂದೆನಲ್ಲ, ಅದೇ ಆಗಲಿಲ್ಲ. ಕೆಟ್ಟವರ ಸಂಗಡ ಕೂರಲಾರೆ ಅಂತ ಕೀರ್ತನೆಯಲ್ಲಿ ಇದೆ, ನಾವು ಕೂರುವುದಿಲ್ಲ ಅಂದರು ಡೊನಾಟಸ್ ಪಕ್ಷದವರು. ಸರಿ, ಮಾರ್ಸೆಲಿನಸ್ ತಾನೂ ನಿಂತ. ಮೊದಲ ದಿನ ಪೂರ್ತಿ ಹಾಜರಿ ಕೂಗುವುದರಲ್ಲೇ ಹೋಯಿತು. ಒಬ್ಬ ಬಿಷಪ್ ಎದ್ದು ನಿಂತು ಹೆಸರು ಹೇಳಬೇಕು, ಅದೇ ಊರಿನ ಎದುರಾಳಿ ಬಿಷಪ್ "ಇವನನ್ನು ಬಲ್ಲೆ" ಅನ್ನಬೇಕು. ಶೀಘ್ರಲಿಪಿಕಾರರು ಎಲ್ಲ ಬರೆದರು, ಆಡಿದವರು ತಮ್ಮ ತಮ್ಮ ಮಾತಿಗೆ ಸಹಿ ಹಾಕಿದರು. ಆ ಕಡತದ ಬಹುಪಾಲು ನಮ್ಮ ಕೈಗೆ ಬಂದಿದೆ. ಓದಿದರೆ ಧ್ವನಿ ಕೇಳಿದ ಹಾಗಾಗುತ್ತದೆ. ತೀರ್ಪು ಔರೇಲಿಯಸ್, ಅಗಸ್ಟೀನ್ ಕಡೆಗೆ. ಮರುವರ್ಷದಿಂದ ಡೊನಾಟಸ್ ಪಕ್ಷದವರಿಗೆ ದಂಡ, ಆಸ್ತಿ ಮುಟ್ಟುಗೋಲು. ವಾದದಲ್ಲಿ ಗೆದ್ದವರು ಸರ್ಕಾರದ ಬೆತ್ತ ಹಿಡಿದದ್ದು ಈ ಪೀಠದ ಚರಿತ್ರೆಯಲ್ಲಿ ನನಗೆ ಇಷ್ಟವಾಗದ ಅಧ್ಯಾಯ. ಅಗಸ್ಟೀನ್ ಅದನ್ನು ಎಷ್ಟು ಚೆನ್ನಾಗಿ ಸಮರ್ಥಿಸಿದರೂ ಅಷ್ಟೆ.

ಔರೇಲಿಯಸ್ ರೋಮಿಗೂ ಬಗ್ಗಲಿಲ್ಲ. ಅಪಿಯಾರಿಯಸ್ ಎಂಬ ಪಾದ್ರಿಯನ್ನು ಆಫ್ರಿಕಾದವರು ಕೆಲಸದಿಂದ ತೆಗೆದರು. ಅವನು ರೋಮಿಗೆ ಹೋಗಿ ಅಲ್ಲಿಯ ಬಿಷಪ್, ಅಂದರೆ ಪೋಪ್ ಜೋಸಿಮಸ್‌ಗೆ ದೂರಿದ. ಸಾಮ್ರಾಜ್ಯದ ಎಲ್ಲೆಡೆಯ ಬಿಷಪ್ಪರನ್ನು ಕರೆದಿದ್ದ ನೈಸಿಯಾ ಸಭೆಯ ನಿಯಮದ ಪ್ರಕಾರ ನನಗೆ ಮೇಲ್ಮನವಿ ಕೇಳುವ ಹಕ್ಕಿದೆ ಅಂದ ಪೋಪ್. ನಮ್ಮ ಪ್ರತಿಯಲ್ಲಿ ಆ ನಿಯಮ ಇಲ್ಲವಲ್ಲ ಅಂತ ಆಫ್ರಿಕಾದವರು ಕಾನ್‌ಸ್ಟಾಂಟಿನೋಪಲ್‌ಗೂ ಅಲೆಕ್ಸಾಂಡ್ರಿಯಾಕ್ಕೂ ಬರೆದು ಪ್ರತಿ ತರಿಸಿದರು. ಅಲ್ಲೂ ಇಲ್ಲ! ಅದು ಬೇರೊಂದು ಸಭೆಯ, ಸಾರ್ಡಿಕಾದ, ನಿಯಮ. ಕೊನೆಗೆ ಅಪಿಯಾರಿಯಸ್ ತಾನೇ ತಪ್ಪೊಪ್ಪಿಕೊಂಡುಬಿಟ್ಟ. ಇನ್ನು ಮುಂದೆ ಹೀಗೆ ಯಾರ ಮಾತನ್ನೂ ಸುಮ್ನೆ ಕೇಳಬೇಡಿ ಅಂತ ಕಾರ್ಥೇಜಿನಿಂದ ರೋಮಿಗೆ ಪತ್ರ ಹೋಯಿತು.

439ರ ಅಕ್ಟೋಬರ್ 19ರಂದು ವಂಡಾಲರ ರಾಜ ಗೈಸೆರಿಕ್ ಕಾರ್ಥೇಜ್ ಹಿಡಿದ. ವಂಡಾಲರೂ ಕ್ರೈಸ್ತರೇ, ಆದರೆ ಯೇಸು ತಂದೆ ದೇವರಿಗೆ ಸಮನಲ್ಲ ಅನ್ನುವ ಏರಿಯಸ್ ಪಂಥದವರು. ಬಿಷಪ್ ಕ್ವೋಡ್ವುಲ್ಟ್‌ದೇಯುಸ್‌ನನ್ನು ಪಾದ್ರಿಗಳ ಸಮೇತ ಮುರುಕು ಹಡಗುಗಳಿಗೆ ಹತ್ತಿಸಿ ಸಮುದ್ರಕ್ಕೆ ಬಿಟ್ಟರು. ಮುಳುಗಲಿ ಅಂತ. ಹಡಗು ನೇಪಲ್ಸ್ ಮುಟ್ಟಿತು. ಪೀಠ ಸುಮಾರು 15 ವರ್ಷ ಖಾಲಿ.

454ರಲ್ಲಿ ದೇಯೊಗ್ರಾಟಿಯಾಸ್ ಬಿಷಪ್ ಆದ. ಮರುವರ್ಷವೇ ವಂಡಾಲರು ರೋಮನ್ನು ಲೂಟಿ ಮಾಡಿ ಸಾವಿರಾರು ಸೆರೆಯಾಳುಗಳನ್ನು ತಂದರು. ಗಂಡ ಒಬ್ಬನ ಪಾಲು, ಹೆಂಡತಿ ಇನ್ನೊಬ್ಬನ ಪಾಲು. ದೇಯೊಗ್ರಾಟಿಯಾಸ್ ಚರ್ಚಿನ ಚಿನ್ನ ಬೆಳ್ಳಿ ಪಾತ್ರೆಗಳನ್ನೆಲ್ಲ ಮಾರಿ ಅವರನ್ನು ಬಿಡಿಸಿದ. ಎರಡು ದೊಡ್ಡ ಚರ್ಚುಗಳಲ್ಲಿ ಹುಲ್ಲು ಹಾಸಿ, ಮಂಚ ಹಾಕಿಸಿ ಆಸ್ಪತ್ರೆ ಮಾಡಿದ. ಮುದುಕನಾಗಿದ್ದ, ಆದರೂ ವೈದ್ಯರ ಹಿಂದೆಯೇ ಹಗಲೂ ರಾತ್ರಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ವಿಚಾರಿಸುತ್ತಿದ್ದ. ಮೂರು ವರ್ಷಕ್ಕೆ ತೀರಿಕೊಂಡ. ಜನ ಪ್ರೀತಿಯಲ್ಲಿ ದೇಹವನ್ನೇ ಹರಿದು ಹಂಚಿಕೊಂಡಾರು ಅಂತ ಹೆದರಿ ಗುಟ್ಟಾಗಿ ಹೂಳಬೇಕಾಯಿತಂತೆ. ಈ ಸಾಲಿನಲ್ಲಿ ಯಾರ ಜೊತೆಗೂ ಜಗಳವಿಲ್ಲದೆ ನೆನಪಿನಲ್ಲಿ ಉಳಿದವನು ಇವನೊಬ್ಬನೇ ಇರಬೇಕು. ನನ್ನ ವಾದಕ್ಕೆ ಇವನೇ ಅಡ್ಡಿ, ಇರಲಿ ಬಿಡಿ.

ಅವನ ನಂತರ ಸುಮಾರು 24 ವರ್ಷ ಮತ್ತೆ ಪೀಠ ಖಾಲಿ. ಆಮೇಲೆ ಯೂಜೀನಿಯಸ್ ಬಂದ. 484ರ ಫೆಬ್ರವರಿ 1ರಂದು ರಾಜ ಹುನೆರಿಕ್ ಎರಡೂ ಪಂಥದವರ ವಾದಕ್ಕೆ ಕರೆದ. ಏರಿಯನ್ನರ ಮುಖ್ಯಸ್ಥ ಸಿರಿಲಾ ಎತ್ತರದ ಸಿಂಹಾಸನದಲ್ಲಿ ಕೂತಿದ್ದ. ವಾದಕ್ಕೆ ಕರೆದಾಗ ನನಗೆ ಲ್ಯಾಟಿನ್ ಬರುವುದಿಲ್ಲ ಅಂದುಬಿಟ್ಟ. ನೀನು ಯಾವಾಗಲೂ ಲ್ಯಾಟಿನ್ನಲ್ಲೇ ಮಾತಾಡುವುದು ನಮಗೆ ಗೊತ್ತು ಅಂತ ಯೂಜೀನಿಯಸ್ ಕಡೆಯವರು ಕೂಗಿದರು. ಸಭೆ ಮುರಿಯಿತು, ಬಿಷಪ್ಪರು ಗಡೀಪಾರಾದರು. ಯೂಜೀನಿಯಸ್ ಕೊನೆಗೆ ಸತ್ತದ್ದು ಫ್ರಾನ್ಸಿನ ಆಲ್ಬಿಯಲ್ಲಿ.

533ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ಸೇನಾಪತಿ ಬೆಲಿಸಾರಿಯಸ್‌ನ ದಂಡು ಬಂದ ಕಥೆಯನ್ನು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಹೇಳುತ್ತಾನೆ. ಸಿಪ್ರಿಯನ್ ಹಬ್ಬದ ಹಿಂದಿನ ದಿನ. ಸಮುದ್ರ ದಂಡೆಯ ಅವನ ಚರ್ಚು ಏರಿಯನ್ನರ ವಶದಲ್ಲಿತ್ತು. ಅವರು ಗುಡಿಸಿ, ಅಲಂಕರಿಸಿ, ದೀಪಗಳಿಗೆಲ್ಲ ಎಣ್ಣೆ ಹಾಕಿ ತಯಾರಿಟ್ಟಿದ್ದರು. ಅಷ್ಟರಲ್ಲಿ ವಂಡಾಲರು ಸೋತ ಸುದ್ದಿ ಬಂತು, ಓಡಿಹೋದರು. ಕಥೋಲಿಕರು ಬಂದು ಅದೇ ದೀಪ ಹಚ್ಚಿ ಹಬ್ಬ ಮಾಡಿದರು.

ಕಾನ್‌ಸ್ಟಾಂಟಿನೋಪಲ್‌ನ ಆಡಳಿತದಲ್ಲಿ ಸುಖವಾಯಿತು ಅಂತ ಅಂದುಕೊಳ್ಳಬೇಡಿ. ಬಿಷಪ್ ರೆಪರೇಟಸ್ ಜಸ್ಟಿನಿಯನ್ ಚಕ್ರವರ್ತಿಯ ಧರ್ಮಾಜ್ಞೆಯೊಂದಕ್ಕೆ ಒಪ್ಪಲಿಲ್ಲ. ಅವನನ್ನೂ ಗಡೀಪಾರು ಮಾಡಿದರು.

698ರಲ್ಲಿ ಹಸನ್ ಇಬ್ನ್ ಅಲ್-ನುಮಾನ್‌ನ ಅರಬ್ ಸೇನೆ ಕಾರ್ಥೇಜನ್ನು ಕೊನೆಯದಾಗಿ ಹಿಡಿಯಿತು. ಊರು ಹಾಳಾಯಿತು, ಟ್ಯುನಿಸ್ ಬೆಳೆಯಿತು. ಅಲ್ಲಿಗೆ ಪೀಠವೂ ಮುಗಿಯಿತು ಅಂತ ಎಷ್ಟೋ ಕಡೆ ಓದುತ್ತೀರಿ. ಅದು ಸರಿಯಲ್ಲ. ಟ್ಯುನಿಷಿಯಾದ ಕೈರವಾನ್‌ನಲ್ಲಿ 11ನೇ ಶತಮಾನದ ಕ್ರೈಸ್ತ ಗೋರಿಕಲ್ಲುಗಳು ಸಿಕ್ಕಿವೆ, ಲ್ಯಾಟಿನ್ ಬರಹದವು. ಬಿಷಪ್ಪರೂ ಇದ್ದರು. ಹೇಗೆ ಗೊತ್ತು? ಮತ್ತೆ ಅದೇ, ಜಗಳದಿಂದ. 1053ರಲ್ಲಿ ಪೋಪ್ ಒಂಬತ್ತನೇ ಲಿಯೋ ಬರೆದ ಪತ್ರಗಳಿವೆ. ಹಿಂದೆ 205 ಬಿಷಪ್ಪರು ಸೇರುತ್ತಿದ್ದ ಆಫ್ರಿಕಾದಲ್ಲಿ ಈಗ ಐವರೂ ಕಷ್ಟ ಅಂತ ಅವನು ದುಃಖಪಡುತ್ತಾನೆ. ಆ ಐವರಲ್ಲೂ ಹಿರಿಯ ಯಾರು ಅಂತ ಕಿತ್ತಾಟ! ಗುಮ್ಮಿ ಎಂಬ ಊರಿನ ಬಿಷಪ್ ತಾನೇ ದೊಡ್ಡವನು ಅಂತ ಹೊರಟಿದ್ದ. ಲಿಯೋ ತೀರ್ಪು ಕೊಟ್ಟ: ಕಾರ್ಥೇಜ್ ಪಾಳು ಬಿದ್ದಿರಲಿ, ಮತ್ತೆ ಎದ್ದು ನಿಲ್ಲಲಿ, ಆಫ್ರಿಕಾದಲ್ಲಿ ಮೊದಲ ಸ್ಥಾನ ಅದರದೇ.

1073ರಲ್ಲಿ ಇನ್ನೊಬ್ಬ ಪೋಪ್, ಏಳನೇ ಗ್ರೆಗೊರಿ, ಕಾರ್ಥೇಜಿನ ಜನರಿಗೆ ಕೋಪದಿಂದ ಬರೆದ. ಅವರ ಬಿಷಪ್ ಸಿರಿಯಾಕಸ್ ನಿಯಮಕ್ಕೆ ವಿರುದ್ಧವಾಗಿ ದೀಕ್ಷೆ ಕೊಡಲು ಒಪ್ಪಲಿಲ್ಲ. ಸಿಟ್ಟಾದ ಕ್ರೈಸ್ತರೇ ಅವನ ಮೇಲೆ ಮುಸ್ಲಿಂ ಅಮೀರನಿಗೆ ದೂರು ಕೊಟ್ಟರು. ಬಟ್ಟೆ ಬಿಚ್ಚಿಸಿ ಕಳ್ಳನಿಗೆ ಹೊಡೆದ ಹಾಗೆ ಹೊಡೆದರು. ಹೆಸರು ಗೊತ್ತಿರುವ ಕೊನೆಯ ಬಿಷಪ್ ಇವನು. 1076ರಲ್ಲಿ ಗ್ರೆಗೊರಿ ಅವನಿಗೆ ಮತ್ತೆ ಬರೆದ. ಒಬ್ಬ ಬಿಷಪ್ಪನಿಗೆ ದೀಕ್ಷೆ ಕೊಡಲು ಮೂವರು ಬಿಷಪ್ಪರು ಬೇಕು, ಆಫ್ರಿಕಾದಲ್ಲಿ ಈಗ ಮೂವರಿಲ್ಲ, ಯಾರನ್ನಾದರೂ ಆರಿಸಿ ರೋಮಿಗೆ ಕಳಿಸಿ ಅಂತ. ಅದೇ ಹೊತ್ತಿಗೆ ಹಮ್ಮಾದಿ ವಂಶದ ಅಮೀರ ಅಲ್-ನಾಸಿರ್ ತನ್ನ ರಾಜ್ಯದ ಕ್ರೈಸ್ತರಿಗಾಗಿ ಸೆರ್ವಾಂಡಸ್ ಎಂಬುವನಿಗೆ ದೀಕ್ಷೆ ಕೊಡಿ ಅಂತ ತಾನೇ ರೋಮಿಗೆ ಬರೆದಿದ್ದ. ಗ್ರೆಗೊರಿ ಕೊಟ್ಟ ಉತ್ತರ ತುಂಬ ಸೌಜನ್ಯದ್ದು. ನಾವಿಬ್ಬರೂ ಬೇರೆ ಬೇರೆ ರೀತಿಯಲ್ಲಿ ಒಬ್ಬನೇ ದೇವರನ್ನು ನಂಬುವವರು ಅಂತ ಬರೆದ. 1965ರಲ್ಲಿ ಕಥೋಲಿಕ ಬಿಷಪ್ಪರ ಎರಡನೇ ವ್ಯಾಟಿಕನ್ ಸಭೆ ಮುಸ್ಲಿಮರ ಬಗ್ಗೆ ಹೇಳಿಕೆ ಕೊಟ್ಟಾಗ ಅಡಿಟಿಪ್ಪಣಿಯಲ್ಲಿ ಉಲ್ಲೇಖಿಸಿದ್ದು ಇದೇ ಪತ್ರವನ್ನು.

ಅಲ್ಲಿಂದ ಮುಂದೆ ಶತಮಾನಗಟ್ಟಲೆ ಮೌನ. 1884ರಲ್ಲಿ ಫ್ರೆಂಚರ ಆಡಳಿತದಲ್ಲಿ ಪೋಪ್ ಹದಿಮೂರನೇ ಲಿಯೋ ಪೀಠವನ್ನು ಮತ್ತೆ ಸ್ಥಾಪಿಸಿ ಕಾರ್ಡಿನಲ್ ಲವಿಜರಿಯನ್ನು ಕೂರಿಸಿದ. ಬಿರ್ಸಾ ಗುಡ್ಡದ ಮೇಲೆ ದೊಡ್ಡ ಕೆಥೆಡ್ರಲ್ ಎದ್ದಿತು. ಅದು ಫ್ರೆಂಚರ ಚರ್ಚು, ಹಳೆಯ ಆಫ್ರಿಕಾದ್ದಲ್ಲ. ಟ್ಯುನಿಷಿಯಾ ಸ್ವತಂತ್ರವಾದ ಮೇಲೆ 1964ರಲ್ಲಿ ಸರ್ಕಾರ ಮತ್ತು ವ್ಯಾಟಿಕನ್ ಒಪ್ಪಂದ ಮಾಡಿಕೊಂಡವು, ಹೆಚ್ಚಿನ ಚರ್ಚುಗಳು ಸರ್ಕಾರಕ್ಕೆ ಹೋದವು. ಆ ಕೆಥೆಡ್ರಲ್‌ನಲ್ಲಿ ಆಮೇಲೆ ಸಂಗೀತ ಕಚೇರಿಗಳು ನಡೆದವು. ಈಗ ಇರುವುದು ಟ್ಯುನಿಸ್ ಹೆಸರಿನ ಮಹಾಧರ್ಮಪ್ರಾಂತ, 2010ರಲ್ಲಿ ಆ ದರ್ಜೆ ಸಿಕ್ಕಿತು. ಭಾನುವಾರದ ಪೂಜೆಗೆ ಬರುವವರಲ್ಲಿ ಹೆಚ್ಚಿನವರು ಹೊರಗಿನವರು. ಸಹಾರಾದ ದಕ್ಷಿಣದ ಆಫ್ರಿಕಾದಿಂದ ಓದಲು, ಕೆಲಸ ಹುಡುಕಲು ಬಂದ ಹುಡುಗ ಹುಡುಗಿಯರು ಅವರಲ್ಲಿ ಬಹಳ.